ದನದ ದವಾಖಾನೆಯ ಶಿಕ್ಕಾ

ಕಾಗದಪತ್ರಕ್ಕೂ ನನಗೂ ಎಣ್ಣೆ ಸೀಗೇಕಾಯಿ. ಈಗಲೂ ಯಾವುದೇ ಕಚೇರಿಗೆ ಅರ್ಜಿ ಕೊಟ್ಟರೂ ಅದು ಏನಾದರೊಂದು ಕೊಂಕಿನೊಂದಿಗೆ ವಾಪಸು ಬರುತ್ತದೆ. ಆದರೆ ಎಂಬತ್ತರ ದಶಕದಲ್ಲಿ ಡಾಕ್ಟರ್ ಓದಿನ ಸೀಟಿಗೆ ಹಾಕಿದ ಅರ್ಜಿಯನ್ನು ಮೀರಿಸಿದ್ದು ಇನ್ನೂ ಯಾವುದೂ ಇಲ್ಲ.

ಆ ಬೇಸಿಗೆಯಲ್ಲಿ ಅಪ್ಪ ನಿಂಬರ್ಗಾದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಒಂದೇ ಮಾತಿನಲ್ಲಿ ಇತ್ಯರ್ಥ ಮಾಡಿದ್ದ. "ಈ ವರ್ಷ ಸೀಟ್ ಸಿಕ್ತೋ, ಓದು. ಸಿಗಲಿಲ್ಲೋ, ಜೇವರ್ಗಿಯವರಿಗೆ ಹೂಂ ಅಂತೇನಿ. ಆಮ್ಯಾಗ ಅಳಬ್ಯಾಡ."

ಜೇವರ್ಗಿಯವರೆಂದರೆ ವರನ ಕಡೆಯವರು. ಹುಡುಗ ಕೆಟ್ಟವನೇನಲ್ಲ. ನನಗೆ ಬೇಡವಾಗಿದ್ದ, ಅಷ್ಟೇ.

೧. ಹೂಕುಂಡ

ಅರ್ಜಿಗೆ ಫೋಟೊ ಬೇಕಿತ್ತು. ಅವ್ವ ನನ್ನನ್ನು ಆಳಂದದ ಸ್ಟುಡಿಯೋಗೆ ಕರೆದುಕೊಂಡು ಹೋದಳು. ಹುಡುಗಿ ಬಂದಳೆಂದರೆ ಅದು ವರನಿಗೆ ತೋರಿಸುವ ಫೋಟೊಗೇ ಎಂದು ಫೋಟೊದವರ ನಂಬಿಕೆ. ನಾನು ಬಾಯಿ ತೆರೆಯುವ ಮೊದಲೇ ಎತ್ತರದ ಸ್ಟ್ಯಾಂಡಿನ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ತಂದಿಟ್ಟರು. "ಇದರ ಮ್ಯಾಲ ಕೈ ಇಡ್ರಿ. ಸ್ವಲ್ಪ ನಾಚ್ಕೋರಿ."

"ಕಾಲೇಜ್ ಅರ್ಜಿಗ್ರಿ. ಬರೇ ಮುಖ ಸಾಕು."

"ಮುಖ ಅದರಾಗೇ ಬರ್ತದ ಬಿಡ್ರಿ."

ಬಂತು. ಅರ್ಜಿಯ ಚೌಕಕ್ಕೆ ಸರಿಯಾಗಿ ಕತ್ತರಿಸಿದಾಗ ನನ್ನ ಕಿವಿಯ ಪಕ್ಕ ಒಂದು ಗುಲಾಬಿಯೂ ಉಳಿದುಕೊಂಡಿತು. ಕತ್ತರಿಸದ ಇನ್ನೊಂದು ಪ್ರತಿಯನ್ನು ಅವ್ವ ಸದ್ದಿಲ್ಲದೆ ಜೇವರ್ಗಿಗೆ ಕಳಿಸಿಬಿಟ್ಟಿದ್ದಳು. ನಾನು ಸಿಟ್ಟಿನಿಂದ ಕೇಳಿದರೆ, "ಯಾಕ ಹೊಯ್ಕೋತಿ? ಎರಡೂ ಕಡಿ ಅರ್ಜಿ ಹಾಕೇವಿ. ಯಾರ್ ಮೊದಲ ಹೂಂ ಅಂತಾರ ನೋಡೂಣು" ಅಂದಳು.

೨. ನಡತೆ

ಹಳ್ಳಿಯ ಶಾಲೆಯಲ್ಲಿ ಓದಿದವಳು, ನಡತೆ ಒಳ್ಳೆಯದು ಎಂದು ಹೆಡ್‌ಮಾಸ್ತರರು ಬರೆದುಕೊಡಬೇಕು. ಎಲ್ಲರೂ ಕಣ್ಣುಮುಚ್ಚಿ ಬರೆಯುವ ಮಾತದು. ನಮ್ಮ ಮಾಸ್ತರರು ಮಾತ್ರ ಸುಳ್ಳು ಬರೆಯದ ಮನುಷ್ಯ. ಕನ್ನಡಕ ಒರೆಸಿಕೊಂಡು, "ನಡತೆ ಉತ್ತಮ. ಎದುರು ಮಾತಾಡುತ್ತಾಳೆ" ಎಂದು ಬರೆದರು.

"ಸರ, ಎರಡನೇದು ಬ್ಯಾಡ್ರಿ."

"ನೋಡು, ಈಗೂ ಮಾತಾಡಿದಿ" ಅಂದವರೇ ಆ ಸಾಲಿನ ಕೆಳಗೆ ಒಂದು ಗೆರೆ ಎಳೆದರು.

೩. ಎಮ್ಮೆ

ಕೊನೆಯ ದಿನ ಬಂತು. ಸಂಜೆ ಐದರೊಳಗೆ ಅರ್ಜಿ ಗುಲಬರ್ಗಾದ ಕಚೇರಿಗೆ ಮುಟ್ಟಬೇಕು. ಅದಕ್ಕೆ ಎರಡೂವರೆಯ ಬಸ್ಸು ಹಿಡಿಯಲೇಬೇಕು. ಅಂಕಪಟ್ಟಿಯ ನಕಲಿನ ಮೇಲೆ ದೊಡ್ಡ ಅಧಿಕಾರಿಯೊಬ್ಬರ ಹಸಿರು ಶಾಯಿಯ ಸಹಿ ಮತ್ತು ಶಿಕ್ಕಾ, ಅಂದರೆ ಕಚೇರಿಯ ಮೊಹರು, ಇನ್ನೂ ಬಿದ್ದಿರಲಿಲ್ಲ. ತಹಸೀಲ್ದಾರರು ಮೀಟಿಂಗಿಗೆ ಹೋಗಿದ್ದರು. ಉಳಿದವರು ದನದ ಡಾಕ್ಟರು ಒಬ್ಬರೇ. ಇಂಥ ಸಹಿಗೆ ತಾಲ್ಲೂಕಿನ ಅರ್ಧ ಮಂದಿ ದನದ ದವಾಖಾನೆಗೇ ಹೋಗುತ್ತಿದ್ದರು.

ನಾನು ಮುಟ್ಟಿದಾಗ ಎರಡು ಗಂಟೆ. ಡಾಕ್ಟರು ಹೊಟ್ಟೆಯುಬ್ಬರಿಸಿದ ಎಮ್ಮೆಯ ಮುಂದೆ ಔಷಧಿ ತುಂಬಿದ ಬಿದಿರಿನ ಗೊಟ್ಟ ಹಿಡಿದು ನಿಂತಿದ್ದರು. ಕಾಂಪೌಂಡರ್ ರಜೆಯಲ್ಲಿದ್ದ.

"ಸರ, ಒಂದ್ ಸಹಿ. ಬಸ್ ಹೋಗ್ತದ್ರಿ."

"ಎಮ್ಮಿ ಹೋಗಾಕತ್ತದ! ಏನ್ ಓದಾಕಿ ನೀ?"

"ಡಾಕ್ಟರ್ ರೀ."

"ಹಂಗಾರ ಬಾ, ಬಾಯಿ ಹಿಡಿ. ಹೆದರಬ್ಯಾಡ, ಕಚ್ಚಂಗಿಲ್ಲ."

ಎರಡೂ ಕೈಯಿಂದ ಬಾಯಿ ಅಗಲಿಸಿ ಹಿಡಿದೆ. ಎಮ್ಮೆಯ ಜೊಲ್ಲು ಮೊಣಕೈವರೆಗೂ ಇಳಿಯಿತು. ಗೋಡೆಯ ಗಡಿಯಾರ ಎರಡು ಇಪ್ಪತ್ತು ತೋರಿಸುವಾಗ ಎಮ್ಮೆ ದೊಡ್ಡದೊಂದು ತೇಗು ತೇಗಿತು. ಡಾಕ್ಟರು ಒಳಗೆ ಓಡಿ, ಸಹಿ ಮಾಡಿ, ಕೈಗೆ ಸಿಕ್ಕ ಶಿಕ್ಕಾ ಧಪ್ಪನೆ ಒತ್ತಿದರು. ಓದಿದೆ. ಎತ್ತು ಕೊಳ್ಳಲು ಸಾಲ ಕೇಳುವವರ ಕಾಗದಕ್ಕೆ ಒತ್ತುವ ಶಿಕ್ಕಾ ಅದು. ನನ್ನ ಅಂಕಪಟ್ಟಿಯ ನಡುಮಧ್ಯೆ ದಪ್ಪಕ್ಷರದಲ್ಲಿ ಕೂತಿತ್ತು: "ಪರೀಕ್ಷಿಸಲಾಗಿದೆ. ಆರೋಗ್ಯವಾಗಿದೆ. ಉಳುಮೆಗೆ ಯೋಗ್ಯ."

ನನಗೆ ಅಳುವೇ ಬಂತು. ಬೇರೆ ನಕಲಿರಲಿಲ್ಲ, ಟೈಪ್ ಮಾಡಿಸಲು ಹೊತ್ತೂ ಇರಲಿಲ್ಲ. ಡಾಕ್ಟರು ಪಕ್ಕದಲ್ಲೇ ಸರಿಯಾದ ಶಿಕ್ಕಾ ಒತ್ತಿ ಸಮಾಧಾನ ಹೇಳಿದರು. "ಓಡು. ಮಂದಿಗೆ ಒಂದ್ ಇರ್ತದ, ನಿನಗ ಎರಡ್ ಅವ."

೪. ಬೆಂಗಳೂರು

ಸೀಟು ಹಂಚುವ ದಿನ ಅಪ್ಪನ ಜೊತೆ ಬೆಂಗಳೂರಿಗೆ ಹೋದೆ. ಮೇಜಿನ ಹಿಂದಿದ್ದ ಅಧಿಕಾರಿ ಮೊದಲು ಗುಲಾಬಿ ನೋಡಿದರು, ಆಮೇಲೆ ನನ್ನ ಕಿವಿ ನೋಡಿದರು. ನಡತೆಯ ಗೆರೆ ನೋಡಿದರು. ಕಾಗದ ಒಂದೊಂದೇ ತಿರುವಿ ಕೊನೆಗೆ ಕೇಳಿದರು: "ಫಿಟ್‌ನೆಸ್ ಸರ್ಟಿಫಿಕೇಟ್ ಎಲ್ಲಮ್ಮ?"

ಚೀಲ ತಡಕಿದೆ. ಇಲ್ಲ. ಆಗ ನೆನಪಾಯಿತು. ಹೊರಡುವ ಮುನ್ನ ಅವ್ವ ಅದನ್ನು ದೇವರ ಜಗುಲಿಯ ಮೇಲಿಟ್ಟು ವಿಭೂತಿ ಹಚ್ಚಿದ್ದಳು. ಅದು ಅಲ್ಲೇ ಉಳಿದಿತ್ತು. ಜೇವರ್ಗಿ ಕಣ್ಣೆದುರೇ ಕಂಡಿತು.

"ಇಲ್ಲದಿದ್ದರೆ ಆಗಲ್ಲ. ಮುಂದಿನವರು ಬನ್ನಿ."

ಅಪ್ಪ ಕದಲಲಿಲ್ಲ. ಬಾಗಿ ನನ್ನ ಅಂಕಪಟ್ಟಿಯ ಮೇಲೆ ಬೆರಳಿಟ್ಟ. "ಸಾಹೇಬ್ರ, ಡಾಕ್ಟರ್ ಬರದದ್ದು ಇದರಾಗೇ ಅದಲ್ರಿ. ಶಿಕ್ಕಾ ಸುದ್ದಾ ಅದ."

ಅಧಿಕಾರಿ ಓದಿದರು. ಇನ್ನೊಮ್ಮೆ, ಪಕ್ಕದವರಿಗೆ ಕೇಳುವಂತೆ ಓದಿದರು. ಮೇಜಿನ ಆ ತುದಿಯಿಂದ ಈ ತುದಿಯವರೆಗೂ ನಗು ಹರಡಿತು. ನಾನು ಅಲ್ಲೇ ಸತ್ತುಹೋಗಬಾರದೇ ಅನ್ನಿಸಿತು. ಕಣ್ಣೊರೆಸಿಕೊಂಡ ಅಧಿಕಾರಿ, "ಇದು ಎತ್ತಿಗೆ ಸಾಕು ಯಜಮಾನ್ರೇ. ಐದರೊಳಗೆ ಮನುಷ್ಯರ ಡಾಕ್ಟರದ್ದು ತನ್ನಿ" ಎಂದು ಪಕ್ಕದ ಆಸ್ಪತ್ರೆಯ ದಾರಿ ತೋರಿಸಿದರು.

ತಂದೆವು. ಅಷ್ಟರಲ್ಲಿ ಎಂಬಿಬಿಎಸ್ ಸೀಟುಗಳು ಮುಗಿದಿದ್ದವು.

"ಡೆಂಟಲ್ ಇದೆ. ದಿನವಿಡೀ ಜನರ ಬಾಯಿ ನೋಡಬೇಕು. ಆಗುತ್ತಾ?"

"ಆಗ್ತದ್ರಿ ಸರ್. ಎಮ್ಮಿದೇ ಹಿಡದೇನಿ."

೫. ಚೀಟಿ

ಓದು ಮುಗಿಸಿ ಅಫಜಲಪುರದಲ್ಲಿ ದವಾಖಾನೆ ಇಟ್ಟೆ. ಜೇವರ್ಗಿಯವರು ಅಷ್ಟರಲ್ಲಿ ಬೇರೆ ಫೋಟೊಗೆ ಹೂಂ ಅಂದಿದ್ದರು. ಒಂದು ದಿನ ಕೆನ್ನೆ ಹಿಡಿದುಕೊಂಡು ಒಬ್ಬ ಮುದುಕರು ಬಂದರು. ನಿವೃತ್ತರಾಗಿ ಊರಿಗೆ ಮರಳಿದ್ದ ಅದೇ ದನದ ಡಾಕ್ಟರು. ಇಕ್ಕಳ ಕಂಡದ್ದೇ ಕುರ್ಚಿಯ ಕೈ ಗಟ್ಟಿ ಹಿಡಿದರು.

"ಬಾಯಿ ತಗೀರಿ ಸರ. ಹೆದರಬ್ಯಾಡ್ರಿ, ಕಚ್ಚಂಗಿಲ್ಲ" ಅಂದೆ.

ಅವರು ನನ್ನನ್ನೇ ದಿಟ್ಟಿಸಿ ನೋಡಿದರು. ಗುರುತು ಸಿಕ್ಕಿ ಕಣ್ಣು ತುಂಬಿ ಬಂದವು. ಆ ಸಹಿ ಇಲ್ಲದಿದ್ದರೆ ನಾನು ಆ ಬಿಳಿ ಕೋಟಿನಲ್ಲಿ ಇರುತ್ತಿರಲಿಲ್ಲ. ಹಲ್ಲು ಕಿತ್ತು, ಹತ್ತಿ ಇಟ್ಟು, ಗುಳಿಗೆ ಬರೆದು, ಕೆಳಗೆ ಹಸಿರು ಶಾಯಿಯಲ್ಲಿ ಒಂದು ಸಾಲು ಸೇರಿಸಿದೆ: "ಪರೀಕ್ಷಿಸಲಾಗಿದೆ. ಆರೋಗ್ಯವಾಗಿದೆ. ಉಳುಮೆಗೆ ಯೋಗ್ಯ."

ಅವರು ಚೀಟಿಯನ್ನು ದೂರ ಹಿಡಿದು ಓದಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು. ಹತ್ತಿ ಕಚ್ಚಿದ ಬಾಯಲ್ಲೇ ಕೇಳಿದರು:

"ಶಿಕ್ಕಾ ಎಲ್ಲದ?"