ದೊರೆಯ ಇಂಗ್ಲಿಷ್

"ಹದಿನೈದೇ ದಿನ! ಆ ಇಂಗ್ಲಿಷ್ ಬಾಲ ಅಲ್ಲಾಡಿಸ್ಕೊಂಡು ನನ್ನ ಕಾಲ ಬುಡದಲ್ಲಿ ಬಿದ್ದಿರದಿದ್ರೆ ಆಮೇಲೆ ಕೇಳು!" ಎಂದು ಅಜ್ಜಿ ಸಾರಿಬಿಟ್ಟರು.

ಸೊಸೆ ಹೊಲಿಗೆ ಮೆಷಿನ್ ನಿಲ್ಲಿಸಿದಳು. "ಅತ್ತೆ, ಬಾಲ ಅಲ್ಲಾಡಿಸೋದು ನಾಯಿ. ಇಂಗ್ಲಿಷ್ ಅಲ್ಲ."

"ನಮ್ಮನೇಲಿ ಎರಡೂ ಒಂದೇ ಕಣೇ!"

ಅದೂ ನಿಜವೇ. ಆ ಮನೆಯಲ್ಲಿ ಎಲ್ಲರೂ ಎಲ್ಲರೊಡನೆ ಕನ್ನಡ ಆಡುತ್ತಿದ್ದರು. ನಾಯಿಯೊಡನೆ ಮಾತ್ರ ಇಂಗ್ಲಿಷ್. ಯಾಕೆಂದು ಯಾರಿಗೂ ಗೊತ್ತಿಲ್ಲ. ಕಮ್ ಎಂದರೆ ಬರುತ್ತಿತ್ತು, ಸಿಟ್ ಎಂದರೆ ಕೂರುತ್ತಿತ್ತು, ನೋ ಎಂದರೆ ಬೊಗಳುವ ಬಾಯಿ ಮುಚ್ಚುತ್ತಿತ್ತು, ಶೇಕ್ ಹ್ಯಾಂಡ್ ಎಂದರೆ ಮುಂಗಾಲು ಚಾಚುತ್ತಿತ್ತು. ಗುಡ್ ಎಂದು ಒಂದು ಬಿಸ್ಕತ್ತು ಕೊಟ್ಟರೆ ಅಂದಿನ ಸಂಭಾಷಣೆ ಮುಗಿಯಿತು. "ಬಾರೋ" ಎಂದು ಕರೆದಿರೋ, ಮುಖ ಆ ಕಡೆ! ಅದಕ್ಕೇ ಅದರ ಹೆಸರು ದೊರೆ ಎಂದೇ ನಿಂತುಹೋಗಿತ್ತು.

ಎಡವಟ್ಟು ಶುರುವಾದದ್ದು ಮೂರನೇ ಕ್ಲಾಸಿನ ಮೊಮ್ಮಗಳಿಂದ. "ನಮ್ಮಜ್ಜಿ ದಿನವಿಡೀ ನಾಯಿ ಹತ್ರ ಇಂಗ್ಲಿಷಲ್ಲೇ ಮಾತಾಡ್ತಾಳೆ" ಎಂದು ಶಾಲೆಯಲ್ಲಿ ಕೊಚ್ಚಿಕೊಂಡಿದ್ದಳು. ಟೀಚರ್ ಹಿಗ್ಗಿ, ಸಾಕುಪ್ರಾಣಿಗಳ ಪಾಠದ ದಿನ ಅಜ್ಜಿಯನ್ನೇ ಕರೆದುಕೊಂಡು ಬಾ, ಮಕ್ಕಳೊಡನೆ ಇಂಗ್ಲಿಷಿನಲ್ಲಿ ಮಾತಾಡಲಿ ಎಂದಿದ್ದರು.

"ನೀನು ಬರದಿದ್ರೆ ಎಲ್ರೂ ನನ್ನನ್ನ ಸುಳ್ಳಿ ಅಂತಾರೆ ಅಜ್ಜಿ" ಎಂದು ಅವಳು ಮೂಗೊರೆಸಿಕೊಂಡಾಗ ಅಜ್ಜಿಯ ಕರುಳು ಚುರ್ರೆಂದಿತು. ಆ ಹದಿನೈದು ದಿನದ ಶಪಥ ಹೊರಟದ್ದು ಅಲ್ಲಿಂದಲೇ.

ಸಂಜೆ ಮೊಮ್ಮಗಳು ಹೇಳಿಕೊಟ್ಟದ್ದನ್ನು ಮರುದಿನ ಮಧ್ಯಾಹ್ನ ಅಜ್ಜಿ ಒಬ್ಬರೇ ಉರು ಹೊಡೆಯುತ್ತಿದ್ದರು. "ವಿ ಹ್ಯಾವ್ ಎ ಡಾಗ್. ಹೀ ಈಸ್ ಬ್ರೌನ್..." ಎರಡನೇ ಸಾಲಿಗೇ ಕಣ್ಣು ಎಳೆಯುತ್ತಿತ್ತು. ಬಿಸಿಲು ನೆಲದ ಮೇಲೆ ಒಗೆದು ಹರವಿದ ಹಳದಿ ಸೀರೆಯಾಗುತ್ತಿತ್ತು. ಹೊಲಿಗೆ ಮೆಷಿನ್ನಿನ ಸದ್ದು ದೂರದ ರೈಲಾಗುತ್ತಿತ್ತು. ಆ ರೈಲು ಹತ್ತಿ ಅಜ್ಜಿ ಶಾಲೆಗೆ ಹೊರಡುತ್ತಿದ್ದರು: ಎರಡು ಜಡೆ, ಕಂಕುಳಲ್ಲಿ ಸ್ಲೇಟು. ಎರಡನೇ ಕ್ಲಾಸಿಗೇ ಬಿಡಿಸಿದ್ದ ಆ ಶಾಲೆ ಇನ್ನೂ ಬಾಗಿಲು ತೆರೆದುಕೊಂಡು ಅವರಿಗಾಗಿಯೇ ಕಾಯುತ್ತಿರುತ್ತಿತ್ತು. ಪಕ್ಕದ ಬೆಂಚಿನಲ್ಲಿ ಕನ್ನಡಕ ಏರಿಸಿಕೊಂಡು ಕುಳಿತ ದೊರೆ ಕಾಲ ಮೇಲೆ ಕಾಲು ಹಾಕಿಕೊಂಡು ಪಟಪಟನೆ ಇಂಗ್ಲಿಷ್ ಆಡುತ್ತಿತ್ತು. ಅಜ್ಜಿ ಅದಕ್ಕಿಂತ ಪಟಪಟ! ಎಚ್ಚರವಾದಾಗ ಬಾಯಲ್ಲಿ ಉಳಿದಿರುತ್ತಿದ್ದದ್ದು ಬರೀ ಆಕಳಿಕೆ.

ಆ ದಿನ ಬಂದೇಬಿಟ್ಟಿತು. ಅಜ್ಜಿ ಕ್ಲಾಸಿನೊಳಗೆ ಕಾಲಿಟ್ಟದ್ದೇ ತಡ, ಮೂವತ್ತು ಮಕ್ಕಳು ದಡಬಡ ಎದ್ದು ಗುಡ್ ಮಾರ್ನಿಂಗ್ ಎಂದು ಕೂಗಿದರು. ಕಲಿತ ಸಾಲುಗಳೆಲ್ಲ ಗುಬ್ಬಚ್ಚಿಗಳ ಹಾಗೆ ಕಿಟಕಿಯಿಂದ ಪುರ್ರೆಂದವು! ಉಳಿದದ್ದು ದೊರೆಯ ಇಂಗ್ಲಿಷ್ ಒಂದೇ.

"ಸಿಟ್!"

ಮೂವತ್ತೂ ಮಂದಿ ಕೂತರು. ಆಹಾ! "ಗುಡ್!"

ಅಷ್ಟರಲ್ಲಿ ಹೆಡ್ ಮೇಡಂ ಬಾಗಿಲಲ್ಲಿ ಇಣುಕಿದರು.

"ಕಮ್!" ಬಂದರು. "ಸಿಟ್!" ಕೂತರು. ಏನೋ ಹೇಳಲು ಬಾಯಿ ತೆರೆದರು. "ನೋ!" ಮುಚ್ಚಿದರು. "ಶೇಕ್ ಹ್ಯಾಂಡ್!" ಕೈ ಚಾಚಿದರು.

ಬಿಸಿಲು, ಬೆಂಚು, ಸ್ಲೇಟು... ಅಜ್ಜಿ ಮತ್ತೆ ಆ ಮಧ್ಯಾಹ್ನದ ರೈಲಿನಲ್ಲಿ ತೇಲುತ್ತಿದ್ದರು. "ವೆರಿ ಗುಡ್!" ಎಂದರು. ಕೈ ತಾನಾಗಿ ಚೀಲಕ್ಕೆ ಹೋಯಿತು. ಮರುಕ್ಷಣ ಹೆಡ್ ಮೇಡಂ ಅಂಗೈಯಲ್ಲಿ ಒಂದು ಬಿಸ್ಕತ್ತು!

ಮೊಮ್ಮಗಳು ಪುಸ್ತಕದ ಹಿಂದೆ ಮಾಯವಾದಳು.

ಹೆಡ್ ಮೇಡಂ ಬಿಸ್ಕತ್ತನ್ನೂ ಅಜ್ಜಿಯನ್ನೂ ನೋಡಿ, ಮೆಲ್ಲಗೆ ಕನ್ನಡದಲ್ಲೇ ಕೇಳಿದರು: "ಅಜ್ಜಿ, ನಿಮ್ಮ ನಾಯಿಗೆ ಎಷ್ಟು ಇಂಗ್ಲಿಷ್ ಬರುತ್ತೆ?"

"ಇಷ್ಟೇ ತಾಯಿ."

"ನಿಮಗೆ?"

"ಅದಕ್ಕಿಂತ ಸ್ವಲ್ಪ ಕಮ್ಮಿ. ಆದ್ರೆ ಮಗು ಹೇಳಿದ್ದು ಸುಳ್ಳಲ್ಲ ತಾಯಿ. ದಿನವಿಡೀ ಇದನ್ನೇ ಮಾತಾಡೋದು."

ಹೆಡ್ ಮೇಡಂ ಬಿಸ್ಕತ್ತನ್ನು ಕಟುಂ ಎಂದು ಕಡಿದರು. "ಕೇಳಿಸ್ತಾ ಮಕ್ಕಳೇ? ಸುಳ್ಳಲ್ಲ!" ಎಂದದ್ದೇ, ಕ್ಲಾಸಿನ ಸೂರು ಹಾರುವಷ್ಟು ನಗು.

ಮೊಮ್ಮಗಳು ಮಾತ್ರ ದಾರಿಯುದ್ದಕ್ಕೂ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಮನೆಯ ಮೆಟ್ಟಿಲ ಬಳಿ ಅಜ್ಜಿ ಗಂಟಲು ಸರಿಮಾಡಿಕೊಂಡರು. "ನಿನ್ನ ಮರ್ಯಾದೆ ಕಳೆದೆ ಅಲ್ವೇನೇ ಕಂದ..."

"ನೋ!" ಎಂದಳು ಅವಳು, ಬೆರಳೆತ್ತಿ.

ಅಜ್ಜಿ ಬಾಯಿ ಮುಚ್ಚಿದರು.

"ಸಿಟ್."

ಕೂತರು.

"ಶೇಕ್ ಹ್ಯಾಂಡ್."

ಕೈ ಚಾಚಿದರು. ಮೊಮ್ಮಗಳು ಕಿಸಕ್ಕನೆ ನಕ್ಕು, ಚೀಲದಲ್ಲಿ ಉಳಿದಿದ್ದ ಬಿಸ್ಕತ್ತನ್ನು ಆ ಅಂಗೈಯಲ್ಲಿಟ್ಟಳು. "ಗುಡ್!"

ಬಾಗಿಲಲ್ಲಿ ಕೂತಿದ್ದ ದೊರೆ, ಹೊಸದಾಗಿ ಸೇರಿದ ಒಂದನೇ ಕ್ಲಾಸಿನವರನ್ನು ದೊಡ್ಡ ಕ್ಲಾಸಿನವರು ನೋಡುವ ಹಾಗೆ, ಅಜ್ಜಿಯನ್ನು ನೋಡಿತು.