ಪೆಟ್ಟಿಗೆ ಅಂಗಡಿಯ ಮುದ್ದೆ ಕೋಲು

ಮರದ ಅಡುಗೆ ಸಾಮಾನುಗಳ ಆರೈಕೆಯಲ್ಲಿ ನನ್ನಷ್ಟು ತಿಳಿದವರು ಇಡೀ ಕಗ್ಗದಾಸಪುರದಲ್ಲಿ ಇನ್ನೊಬ್ಬರಿಲ್ಲ ಎಂದು ಒಂದು ಬುಧವಾರ ಬೆಳಿಗ್ಗೆ ನನಗೆ ಮನವರಿಕೆಯಾಯಿತು. ಮೊಬೈಲಿನಲ್ಲಿ ಏಳು ನಿಮಿಷದ ವಿಡಿಯೋ ನೋಡಿದ್ದೆ. ಆ ಪಾಂಡಿತ್ಯ ಗುರುವಾರ ಮಧ್ಯಾಹ್ನದವರೆಗೆ ಬಾಳಿತು.

ನಮ್ಮ ಅಡುಗೆಮನೆಯ ಮೂಲೆಯಲ್ಲಿ ಅಜ್ಜಿಯ ಮುದ್ದೆ ಕೋಲು ನಿಂತಿತ್ತು. ಅಜ್ಜಿ ಹೋಗಿ ಹನ್ನೊಂದು ವರ್ಷ. ಪ್ರತಿ ಸಲ ಹಿರಿಯರ ಹಬ್ಬಕ್ಕೆ ಅವ್ವ ರಾಮಮೂರ್ತಿ ನಗರದ ನನ್ನ ತಮ್ಮನ ಮನೆಯಿಂದ ಬಂದು, ಅದೇ ಕೋಲಿನಲ್ಲಿ ಹಿಟ್ಟು ತಿರುವಿ, ಅಜ್ಜಿಯ ಫೋಟೋ ಮುಂದೆ ಎಡೆ ಇಡುತ್ತಾಳೆ. ಅಜ್ಜಿ ಆ ಕೋಲಿನ ಗುರುತು ಹಿಡಿದೇ ಬರುವುದು ಎಂಬುದು ಅವ್ವನ ನಂಬಿಕೆ. ಬದುಕಿದ್ದಾಗ ಅತ್ತೆ ಸೊಸೆಗೆ ಒಂದು ದಿನವೂ ಸರಿಬರಲಿಲ್ಲ. ಈಗ ಆ ಕೋಲು ಕೈಗೆ ಬಂದಾಗ ಮಾತ್ರ ಅವ್ವ ತಪ್ಪಲೆಯ ಮೇಲೆ ಬಾಗಿ ಅತ್ತೆಯ ಜೊತೆ ಮೆಲ್ಲಗೆ ಮಾತಾಡುತ್ತಾಳೆ.

ಹಬ್ಬ ಭಾನುವಾರ ಬಿದ್ದಿತ್ತು. ತಣ್ಣೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಹರಳೆಣ್ಣೆ ಸವರುವುದು ಅಜ್ಜಿಯ ಕ್ರಮ. ನನ್ನದು ವೈಜ್ಞಾನಿಕ ಕ್ರಮ. ಕೋಲನ್ನು ಸೋಪಿನಲ್ಲಿ ಉಜ್ಜಿದೆ, ಸೋಡಾ ಹಾಕಿ ಅರ್ಧ ಗಂಟೆ ಕುದಿಸಿದೆ, ತಾರಸಿಯ ತಗಡಿನ ಮೇಲೆ ಸುಡುಬಿಸಿಲಿಗೆ ಮಲಗಿಸಿದೆ.

"ರೀ, ಅದನ್ನ ಯಾಕ್ರೀ ಮುಟ್ತೀರಾ?" ಎಂದಳು ಹೆಂಡತಿ ಗಿರಿಜಾ.

"ಕ್ರಿಮಿ ಇರುತ್ತೆ ಗಿರಿಜಾ. ನಿಂಗೆ ಗೊತ್ತಾಗಲ್ಲ."

ಗುರುವಾರ ಮಧ್ಯಾಹ್ನ ತಾರಸಿಗೆ ಹೋದೆ. 'ಟಕ್' ಎಂದಿತು. ಅಲ್ಲಿ ಯಾರೂ ಇರಲಿಲ್ಲ. ಮತ್ತೆ 'ಟಕ್'. ಆ ಸದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಅಜ್ಜಿ ಸಿಟ್ಟು ಬಂದಾಗ ಬೈಯುತ್ತಿರಲಿಲ್ಲ. ನಮ್ಮನ್ನೇ ನೋಡುತ್ತಾ ಒಂದೊಂದೇ ಬೆರಳಿನ ನೆಟಿಗೆ ಮುರಿಯುತ್ತಿದ್ದಳು. ಕೋಲು ತುದಿಯಿಂದ ನಡುವಿನವರೆಗೆ ಬಿರುಕು ಬಿಟ್ಟಿತ್ತು. ಟವೆಲಿನಲ್ಲಿ ಸುತ್ತಿ ಬೀರುವಿನಲ್ಲಿ ಬಚ್ಚಿಟ್ಟೆ. ಸಂಜೆಯವರೆಗೂ ಬೀರುವಿನೊಳಗೆ ನೆಟಿಗೆ ಮುರಿಯುತ್ತಲೇ ಇತ್ತು.

ಎದುರು ಮನೆಯ ವೇಲು ವಿಮಾನಪುರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಬಳಿ ಗುಟ್ಟಾಗಿ ಹೇಳಿಕೊಂಡೆ.

"ಒಳ್ಳೆ ಮರಗೆಲಸ ಬೇಕಂದ್ರೆ ಶಿವಾಜಿನಗರಕ್ಕೆ ಹೋಗಿ ಸಾರ್. ಚರ್ಚ್ ಹಿಂದಿನ ಗಲ್ಲೀಲಿ ಪೆಟ್ಟಿಗೆ ಅಂಗಡಿ ಸೆಲ್ವರಾಜ್ ಅಂತ ಕೇಳಿ, ಯಾರಾದ್ರೂ ತೋರಿಸ್ತಾರೆ. ನಾನು ಫೋನ್ ಮಾಡಿರ್ತೀನಿ."

ಪೆಟ್ಟಿಗೆ ಅಂಗಡಿ ಎಂದರೆ ನಮಗೆಲ್ಲ ತಿಳಿದದ್ದೇ: ಬೀಡಿ, ಬಾಳೆಹಣ್ಣು, ತೂಗುಬಿಟ್ಟ ಶಾಂಪೂ ಪೊಟ್ಟಣ. ಬೀಡಿ ಮಾರುತ್ತಲೇ ಮರಗೆಲಸವನ್ನೂ ಮಾಡುವ ಬಡ ಕಲಾವಿದನೊಬ್ಬನನ್ನು ಕಲ್ಪಿಸಿಕೊಂಡು ಶುಕ್ರವಾರ ಮಧ್ಯಾಹ್ನ ಹೊರಟೆ.

ಅಂಗಡಿಯಲ್ಲಿ ಕರೆಂಟು ಹೋಗಿತ್ತು. ಬೀಡಿಯೂ ಇರಲಿಲ್ಲ, ಬಾಳೆಹಣ್ಣೂ ಇರಲಿಲ್ಲ. ಒಳಗೆ ವಾರ್ನಿಷ್ ವಾಸನೆ, ಬಿಳಿ ಬಟ್ಟೆ ಹೊದಿಸಿದ ಉದ್ದುದ್ದ ಬೆಂಚುಗಳು. ಬೀದಿಯ ಗದ್ದಲ ಹೊಸಿಲಿನಾಚೆಗೇ ನಿಂತುಬಿಟ್ಟಿತ್ತು. ಒಂದು ಬೆಂಚಿನ ಮೇಲೆ ಆರಾಮಾಗಿ ಕುಳಿತೆ. ಕತ್ತಲೆಯಿಂದ ಸಣಕಲು ಮುದುಕರೊಬ್ಬರು ಬಂದು ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆಯುವಂತೆ ನೋಡಿದರು. ಬಾಯಿ ತೆರೆದಾಗ ಅವರ ನಾಲಿಗೆಯ ತುದಿ ನೇರಳೆಯಾಗಿತ್ತು.

"ವಾಂಗ ಸಾರ್. ಯಾರ್ದು?" ಎಂದರು ಬಹಳ ಮೃದುವಾಗಿ.

ವೇಲು ಎಲ್ಲ ಹೇಳಿರುತ್ತಾರೆ ಎಂದುಕೊಂಡು ನೇರ ವಿಷಯಕ್ಕೆ ಬಂದೆ. "ನಮ್ಮ ಅಜ್ಜಿದು. ಒಡೆದು ಹೋಯ್ತು. ಅದೇ ಥರ ಇನ್ನೊಂದು ಬೇಕು."

"ಒಡೆದೋಯ್ತಾ?" ಅವರು ಗೋಡೆ ಹಿಡಿದುಕೊಂಡರು. "ಅಜ್ಜಿ ಹೋಗಿ ಎಷ್ಟು ದಿನ ಆಯ್ತು ಸಾರ್?"

"ಹನ್ನೊಂದು ವರ್ಷ. ಮೊನ್ನೆವರೆಗೂ ಚೆನ್ನಾಗೇ ಇತ್ತು. ನಾನೇ ಹೊರಗೆ ತೆಗ್ದು, ಸೋಪ್ ಹಾಕಿ ಉಜ್ಜಿ, ತಾರಸಿ ಮೇಲೆ ಒಣಗಿಸ್ದೆ."

"ನೀವೇ ತೆಗೆದ್ರಾ?"

"ಹೂಂ. ಭಾನುವಾರ ಅಜ್ಜಿ ಬರ್ತಾಳೆ. ಅಷ್ಟರೊಳಗೆ ರೆಡಿ ಇರ್ಬೇಕು. ಎರಡಡಿ ಉದ್ದ ಸಾಕು."

ಸೆಲ್ವರಾಜ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಆಗಲೇ ಕರೆಂಟು ಬಂತು. ಗೋಡೆಗೆ ಒರಗಿಸಿದ್ದ ಮುಚ್ಚಳಗಳ ಮೇಲೆ ಸಾಲಾಗಿ ಹಿತ್ತಾಳೆಯ ಶಿಲುಬೆಗಳು ಹೊಳೆದವು. ನಾನು ಕುಳಿತಿದ್ದು ಬೆಂಚಾಗಿರಲಿಲ್ಲ. ಅದು ಶವಪೆಟ್ಟಿಗೆ. ಅಳತೆಯಲ್ಲಿ ನನಗೆ ಒಪ್ಪುವಂತೆಯೇ ಇತ್ತು.

ಚಂಗನೆ ಎದ್ದು ನಿಂತೆ. "ಮುದ್ದೆ ಕೋಲು! ರಾಗಿ ಮುದ್ದೆ ತಿರುವೋ ಕೋಲು!" ಎಂದು ಕೂಗಿದೆ. ಇಬ್ಬರೂ ನೀರು ಕುಡಿದ ಮೇಲೆ ವೇಲು ಫೋನ್ ಮಾಡುವುದನ್ನು ಮರೆತದ್ದು ತಿಳಿಯಿತು.

ಪುಣ್ಯಾತ್ಮರು ಬೇಡ ಎನ್ನಲಿಲ್ಲ. "ಇದು ಹುಣಸೆ. ಬಿಸಿ ತಾಳುತ್ತೆ, ಸಿಬಿರು ಏಳಲ್ಲ. ಪೆಟ್ಟಿಗೆಗೆ ಹಾಕೋ ಮರ ಅಲ್ಲ ಸಾರ್, ಭಯ ಬೇಡ. ನನ್ನ ಉಳಿ ಹಿಡಿಗೆ ಇಟ್ಟಿದ್ದು" ಎಂದು ಮೂಲೆಯಿಂದ ತುಂಡೊಂದನ್ನು ತೆಗೆದರು. ಆಮೇಲೆ ಕಿವಿಯ ಮೇಲಿನ ಪೆನ್ಸಿಲ್ ಇಳಿಸಿ ನನ್ನ ಹೆಸರು, ವಯಸ್ಸು ಕೇಳಿದರು.

"ಅದ್ಯಾಕೆ?"

"ಬರೀದೆ ಇಲ್ಲಿಂದ ಏನೂ ಹೊರಗೆ ಹೋಗಲ್ಲ ಸಾರ್. ಅದಲು ಬದಲಾದ್ರೆ ಕಷ್ಟ. ಮಣ್ಣಲ್ಲಿ ಇಟ್ರೂ ಅಳಿಯಲ್ಲ."

ಶನಿವಾರ ಕೋಲು ಕೈಗೆ ಬಂತು. ಹಿಡಿಯ ಹತ್ತಿರ ಬೂದಿ ಬಣ್ಣದ ಗೀಚು ಕಂಡೂ ಕಾಣದಂತಿತ್ತು. ಮರದ ಎಳೆ ಎಂದುಕೊಂಡೆ. ಹೊಸ ಕೋಲಿಗೆ ವಯಸ್ಸು ತರಿಸಲು ಹರಳೆಣ್ಣೆಯಲ್ಲಿ ಇದ್ದಿಲ ಪುಡಿ ಕಲಸಿ ಬಳಿದೆ. ಸಾಕ್ಷಾತ್ ಅಜ್ಜಿಯ ಕೋಲು. ಬೀರುವಿನೊಳಗಿನದು ಮಾತ್ರ ಒಪ್ಪದೆ 'ಟಕ್' ಎಂದಿತು.

ಭಾನುವಾರ ಅವ್ವ ಕೋಲನ್ನು ಬಿಸಿನೀರಿನಲ್ಲಿ ತೊಳೆದು ತಪ್ಪಲೆಗೆ ಇಳಿಸಿದಳು. ಹಬೆ ಎದ್ದಿತು. ಎಂದಿನಂತೆ ಬಾಗಿ, "ಅತ್ತೆ, ಬಂದ್ರಾ?" ಎಂದಳು. ಯಾರೂ ಬಂದ ಹಾಗೆ ಕಾಣಲಿಲ್ಲ. ಅವ್ವ ಇನ್ನೊಮ್ಮೆ ಕರೆದಳು, ಆಮೇಲೆ ತಿರುವುವುದನ್ನು ನಿಲ್ಲಿಸಿ ಕೋಲನ್ನೇ ನೋಡಿದಳು. ಮಸಿ ಇಳಿದ ಮರದ ಮೇಲೆ, ಹಬೆ ತಾಗುತ್ತಾ ತಾಗುತ್ತಾ, ಒಂದೊಂದೇ ಅಕ್ಷರ ನೇರಳೆ ಬಣ್ಣದಲ್ಲಿ ಮೂಡುತ್ತಿತ್ತು.

ಗಿರಿಜಾ ಓದಿದಳು. ಮೊದಲು ಒಂದು ಪುಟ್ಟ ಶಿಲುಬೆ. ಆಮೇಲೆ: ನಾಗರಾಜಪ್ಪ, ಐವತ್ತೆರಡು.

ಅವಳ ಕೈಯಿಂದ ಸೌಟು ಬಿತ್ತು. ಹಿರಿಯರನ್ನು ಕರೆಯುವ ದಿನ ನನ್ನ ಹೆಸರು ಬಂದಿತ್ತು. ಒಣಗಿದ್ದಾಗ ಬೂದಿಯಾಗಿದ್ದು ಒದ್ದೆಯಾದರೆ ನೇರಳೆಯಾಗುವ ಹಳೆಯ ಕಾಪಿಯಿಂಗ್ ಪೆನ್ಸಿಲ್ ಅದು, ಪೆಟ್ಟಿಗೆಗಳ ಮೇಲೆ ಅದರ ಮೊನೆಯನ್ನು ನಾಲಿಗೆಗೆ ತಾಗಿಸಿ ತಾಗಿಸಿ ಬರೆಯುವ ಸೆಲ್ವರಾಜ್ ನನ್ನ ಕೋಲಿಗೆ ಮಾತ್ರ ಒಣ ಮೊನೆಯಲ್ಲೇ ಗೀಚಿದ್ದರು ಎಂಬುದು ಆಮೇಲೆ ತಿಳಿದದ್ದು. ಆ ಗಳಿಗೆಯಲ್ಲಿ ನಾನು ನನ್ನ ನಾಡಿ ಹಿಡಿದು ನೋಡಿಕೊಳ್ಳುತ್ತಾ, ಬುಧವಾರದಿಂದ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಕೊಂಡೆ.

ಅವ್ವ ಬೈಯಲಿಲ್ಲ. "ಹಳೇದ್ ಎಲ್ಲೈತೆ ನಾಗ?" ಎಂದಳು. ತಂದುಕೊಟ್ಟೆ. ಬಿರುಕಿನ ಮೇಲೆ ಬೆರಳಾಡಿಸುವಾಗ ಅವಳ ಕಣ್ಣು ತುಂಬಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ನೋಡಿದ್ರಾ ಅತ್ತೆ, ನಿಮ್ಮ ಮೊಮ್ಮಗ ಏನ್ ಮಾಡವ್ನೆ."

'ಟಕ್.'

ಅವ್ವ ಕಣ್ಣೊರೆಸಿಕೊಂಡು ನಕ್ಕಳು. "ಬಂದವ್ರೆ" ಎಂದಳು. ಹಳೆಯ ಕೋಲನ್ನು ಫೋಟೋ ಮುಂದೆ ಇಟ್ಟು, ಹೊಸದನ್ನು ನನ್ನ ಕೈಗಿತ್ತಳು. "ಇದ್ರಲ್ಲಿ ನಿನ್ ಹೆಸ್ರು ಐತೆ. ಅದು ಅಳಿಯೋ ತನ್ಕ ದಿನಾ ನೀನೇ ತಿರುವು."

ಈಗ ದಿನಾ ನಾನೇ ತಿರುವುತ್ತೇನೆ. ಆಮೇಲೆ ಕೋಲನ್ನು ತಣ್ಣೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಹರಳೆಣ್ಣೆ ಸವರುತ್ತೇನೆ. ಹೆಸರು ಇನ್ನೂ ಅಳಿದಿಲ್ಲ. ಮಣ್ಣಲ್ಲಿಟ್ಟರೂ ಅಳಿಯದ ಬರಹವಂತೆ. ಮುದ್ದೆಯಲ್ಲಿ ಗಂಟು ಉಳಿದಾಗೆಲ್ಲ ಫೋಟೋ ಕಡೆಯಿಂದ ನೆಟಿಗೆಯ ಸದ್ದು ಕೇಳುತ್ತದೆ. ದಿನಾ ಕೇಳುತ್ತದೆ.