ಮೋತ್ಯಾನ ಪಚಡಿ

ಬೆಳಿಗ್ಗೆ ಆರೂಕಾಲಿಗೆ ನಮ್ಮ ಕಾಕಾ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದರು. ಕೆಡುಕು ಶುರುವಾದದ್ದು ಆಗಲೇ. ಇಡೀ ಬೈಲಹೊಂಗಲದಲ್ಲಿ ತಮಗೆ ತಿಳಿಯದ್ದು ಇಲ್ಲವೆಂಬುದು ಅವರ ನಂಬಿಕೆ. ಅದನ್ನು ತಿದ್ದಲು ಹೋದವರೆಲ್ಲ ಚಹಾ ಕುಡಿದು ಸುಮ್ಮನೆ ಎದ್ದು ಬಂದಿದ್ದಾರೆ.

ನಾಯಿಗೆ ಬೇಯಿಸಿದ್ದನ್ನು ಹಾಕಬಾರದು, ಹಸಿಯದನ್ನೇ ಹಾಕಬೇಕು ಎಂದಿತ್ತಂತೆ ಆ ವಿಡಿಯೊ. ಅಲ್ಲಿಯವರೆಗೆ ನಮ್ಮ ಮೋತ್ಯಾ ಹಾಲು, ರೊಟ್ಟಿ ತಿಂದು ಸುಖವಾಗಿತ್ತು. ಅದರ ಅಭಿಪ್ರಾಯವನ್ನು ಯಾರು ಕೇಳಬೇಕು?

ನಾನು ಧಾರವಾಡದಿಂದ ನಾಯಿಗಳ ಒಣ ಆಹಾರದ ಪೊಟ್ಟಣ ತಂದುಕೊಟ್ಟೆ. ಕಾಕಾ ನಾಲ್ಕು ಕಾಳು ಅಂಗೈಗೆ ಸುರಿದು ಮೂಸಿದರು. "ಇದು ಹೊಲಕ್ಕ ಹಾಕೂ ಗೊಬ್ಬರ ಅಲ್ಲೇನ? ಇದನ್ನ ತಿಂದ ನಾಯಿ ಬೊಗಳತೈತೋ, ತೆನಿ ಬಿಡತೈತೋ?"

"ಹಸೀದು ಅಂದ್ರ ಮಾಂಸರೀ ಕಾಕಾ" ಎಂದೆ.

ಮೂರು ತಲೆಮಾರಿನಿಂದ ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ ನಮ್ಮದು. ಒಳಗಿನಿಂದ ಕಾಕಾನ ಹೆಂಡತಿ, ನಮ್ಮ ಕಾಕು, ಹೇಳಿದರು: "ಮಾಂಸ ಒಳಗ ಬಂದರ ನಾ ಹೊರಗ."

ಕಾಕಾ ಎದೆಗುಂದುವವರೇ? "ಹಸೀದು ಅಂದರ ಹಸೀದು. ನಮ್ಮ ಪಚಡಿ ಏನ ಕುದಿಸಿದ್ದೇನ?"

ಅಂದಿನಿಂದ ಮೋತ್ಯಾನಿಗೆ ದಿನವೂ ಪಚಡಿ. ಮೆಂತ್ಯ, ಸವತಿಕಾಯಿ, ಮುಷ್ಟಿಯಿಂದ ಗುದ್ದಿದ ಹಸಿ ಉಳ್ಳಾಗಡ್ಡಿ, ಮೇಲೆ ಗಟ್ಟಿ ಮೊಸರು. ಅದು ಸೊಪ್ಪನ್ನೆಲ್ಲ ಬದಿಗೆ ಸರಿಸಿ, ಮೊಸರು ಮೆತ್ತಿದ ಉಳ್ಳಾಗಡ್ಡಿಯನ್ನು ನೆಕ್ಕಿ ಮುಗಿಸುತ್ತಿತ್ತು. "ನೋಡ, ಆರಿಸಿ ತಿನ್ನಾಕ ಹತ್ತೈತಿ. ಭಾರೀ ಶಾಣ್ಯಾ" ಎಂದು ಕಾಕಾ ಹಿಗ್ಗಿದರು.

ವಾರ ಕಳೆಯುವುದರೊಳಗೆ ಶಾಣ್ಯಾ ಮೇಲೇಳದಾಯಿತು. ಒಸಡು ಕಾಗದದಂತೆ ಬಿಳುಚಿತ್ತು. ಉಚ್ಚೆ ಕರಿ ಚಹಾದ ಬಣ್ಣ. ಎತ್ತಿ ನಿಲ್ಲಿಸಿದರೆ ಕಾಲು ಮಡಚಿಕೊಳ್ಳುತ್ತಿದ್ದವು. ಕಾರು ನಾನು ಓಡಿಸಿದೆ. ಮೋತ್ಯಾನನ್ನು ತೊಡೆಯ ಮೇಲೆ ಹಾಕಿಕೊಂಡು ಹಿಂದೆ ಕುಳಿತ ಕಾಕಾ ದವಾಖಾನೆ ಬರುವವರೆಗೂ "ಈಗ ಏನ ಮಾಡೂದು?" ಎಂದು ನನ್ನನ್ನೇ ಕೇಳುತ್ತಿದ್ದರು. ನಾಯಿಗಿಂತ ಅವರ ಬಗ್ಗೆಯೇ ನನಗೆ ಹೆಚ್ಚು ಭಯವಾಯಿತು.

ಕಾಕಾ ತಮ್ಮ ಪಾಕವಿಧಾನ ಒಪ್ಪಿಸಿದರು. ಡಾಕ್ಟರು ಕನ್ನಡಕ ತೆಗೆದರು. "ಉಳ್ಳಾಗಡ್ಡಿ ನಾಯಿಗೆ ವಿಷರೀ ಯಜಮಾನ್ರ. ಒಳಗ ರಕ್ತದ ಕಣ ಒಡದಾವ. ಉಳೀತೈತಿ ಅಂತ ಈಗ ಹೇಳಾಕ ಬರಂಗಿಲ್ಲ."

"ನಾನೂ ದಿನಾ ತಿಂತೇನಲ್ರಿ."

"ನೀವು ನಾಯಿ ಅಲ್ಲಲ್ರಿ."

ಮನೆಗೆ ಬಂದು ಇದನ್ನು ಹೇಳಿದಾಗ ಕಾಕು ಅನುಮಾನ ವ್ಯಕ್ತಪಡಿಸಿದರು.

ಆಮೇಲೆ ಸಲಾಯಿನ್, ಇಂಜೆಕ್ಷನ್, ಸರದಿಯ ಮೇಲೆ ಜಾಗರಣೆ. ಆ 'ಗೊಬ್ಬರ'ವನ್ನೇ ಬಿಸಿನೀರಿನಲ್ಲಿ ನೆನೆಸಿ, ಒಂದೊಂದೇ ಕಾಳನ್ನು ಕಾಕಾ ಬೆರಳಿನಿಂದ ಅದರ ಬಾಯಿಗಿಡುತ್ತಿದ್ದರು.

ಕೊನೆಗೆ ಒಂದು ರಾತ್ರಿ ಎಲ್ಲರೂ ಎಚ್ಚರವಿಲ್ಲದಂತೆ ಮಲಗಿದೆವು. ಬೆಳಿಗ್ಗೆ ನಮ್ಮನ್ನು ಎಬ್ಬಿಸಿದ್ದು ಕಾಕಾ ಹೊದ್ದಿದ್ದ ಕೌದಿಯನ್ನು ಹಿಡಿದು ಎಳೆಯುತ್ತಿದ್ದ ಮೋತ್ಯಾ.

ಮಧ್ಯಾಹ್ನ ಕಾಕು ಎಂದಿನಂತೆ ರೊಟ್ಟಿಯ ಪಕ್ಕ ಉಳ್ಳಾಗಡ್ಡಿ ಇಟ್ಟರು. ಕಾಕಾ ಅದನ್ನೆತ್ತಿ ಹಿಂದಕ್ಕೆ ಕೊಟ್ಟರು.

"ಯಾಕ್ರಿ, ಉಳ್ಳಾಗಡ್ಡಿ ಇಲ್ಲದ ರೊಟ್ಟಿ ಗಂಟಲದಾಗ ಇಳೀತೈತೇನ?"

ಎದುರಿಗೆ ಕುಳಿತು ಬಾಲ ಆಡಿಸುತ್ತಿದ್ದ ಮೋತ್ಯಾನ ಕಡೆ ಕಾಕಾ ನೋಡಲಿಲ್ಲ. "ಇಳಸ್ತೇನಿ. ಅದರ ಮುಂದ ಹೆಂಗ ತಿನ್ನಲಿ."